ದೋಷವೂ ದೋಷಿಯೂ

ಮನೆಯಲ್ಲಿ ಯಾವುದಾದರೊಂದು ವಸ್ತು ಕೆಟ್ಟಿತೆಂದರೆ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ “ಯಾರು ಮಾಡಿದ್ದು?” ಎಂಬುದು. “ಹೇಗಾಯಿತು?” ಎಂಬುದು ಆಮೇಲಿನ ಮಾತು, ಅನೇಕ ವೇಳೆ ಅದು ಹುಟ್ಟುವುದೇ ಇಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾದರೆ ನಾವು ಪಾತ್ರೆಯನ್ನು ನೋಡುವುದಕ್ಕೆ ಮುಂಚೆ ಅಲ್ಲಿ ನಿಂತವರ ಮುಖವನ್ನು ನೋಡುತ್ತೇವೆ. ಈ ಎರಡು ಪ್ರಶ್ನೆಗಳೂ ಒಂದೇ ಎಂಬಂತೆ ನಾವು ನಡೆದುಕೊಳ್ಳುವುದುಂಟು. ಆದರೆ ಒಂದು ಪ್ರಶ್ನೆ ಅರಸುವುದು ದೋಷವನ್ನು, ಇನ್ನೊಂದು ಅರಸುವುದು ದೋಷಿಯನ್ನು. ಇವೆರಡರಲ್ಲಿ ಯಾವುದನ್ನು ಮೊದಲು ಕೇಳತಕ್ಕುದು ಎಂಬುದು ಮೇಲುನೋಟಕ್ಕೆ ಅಲ್ಪವಿಚಾರವೆಂದು ತೋರಿದರೂ ಅದರಲ್ಲಿ ಧರ್ಮಸೂಕ್ಷ್ಮವೊಂದು ಅಡಗಿದೆಯೆಂದು ನನಗೆ ಈಚೆಗೆ ಮನವರಿಕೆಯಾಯಿತು. ಮನವರಿಕೆ ಮಾಡಿಕೊಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ. ನಿಂತಲ್ಲಿ ನಡುಗುತ್ತಿದ್ದ ಒಂದು ಮೋಟಾರುಗಾಡಿ. ಇಂತಹ ಪತ್ರಿಕೆಯಲ್ಲಿ ಎಂಜಿನ್ನಿನ ಮಾತೇಕೆಂದು ಪಾಠಕರು ಹುಬ್ಬುಗಂಟಿಕ್ಕಬಾರದು. ನಮ್ಮ ತಾರ್ಕಿಕರು ಕುಂಬಾರನ ಮಡಕೆಯನ್ನೂ ನೇಕಾರನ ಬಟ್ಟೆಯನ್ನೂ ಮುಂದಿಟ್ಟುಕೊಂಡೇ ಕಾರ್ಯಕಾರಣಗಳ ರಹಸ್ಯವನ್ನು ಬಿಡಿಸಿದರಷ್ಟೆ. ಅವರ ಕಾಲಕ್ಕೆ ಮಡಕೆ ಹೇಗೋ ನಮ್ಮ ಕಾಲಕ್ಕೆ ಮೋಟಾರು ಹಾಗೆ.

ಮೊದಲು ಯಂತ್ರದ ವಿಷಯವನ್ನು ಸ್ವಲ್ಪ ಹೇಳಬೇಕು. ಗಾಡಿ ನಿಂತಿದ್ದು ಎಂಜಿನ್ನು ಮಾತ್ರ ತಿರುಗುತ್ತಿರುವ ಸ್ಥಿತಿಗೆ ಕಾರ್ಖಾನೆಯವರು ‘ಐಡಲ್’ ಎನ್ನುತ್ತಾರೆ. ನಾವು ವಿರಾಮಗತಿ ಎಂದುಕೊಳ್ಳಬಹುದು. ಸಾಮಾನ್ಯವಾದ ಪೆಟ್ರೋಲು ಕಾರಿನಲ್ಲಿ ಆಗ ಎಂಜಿನ್ನು ನಿಮಿಷಕ್ಕೆ ೭೦೦ರಿಂದ ೮೫೦ ಸುತ್ತು ತಿರುಗುತ್ತದೆ. ಅದು ಯಾವ ಭಾರವನ್ನೂ ಎಳೆಯುವುದಿಲ್ಲ. ತನ್ನ ಅಂಗಾಂಗಗಳ ತಿಕ್ಕಾಟವನ್ನು ಗೆದ್ದು ಬದುಕಿರುವುದಷ್ಟೇ ಆಗ ಅದರ ಕೆಲಸ. ಗಾಳಿ ಒಳಹೋಗುವ ಹಾದಿಯಲ್ಲಿರುವ ಥ್ರಾಟಲ್ ಎಂಬ ತಟ್ಟೆಬಾಗಿಲು ಬಹುಪಾಲು ಮುಚ್ಚಿರುತ್ತದೆ. ಕಿರಿದಾದ ಸಂದಿನಿಂದ ಬರುವ ಅಲ್ಪ ಗಾಳಿಗೆ ತಕ್ಕಷ್ಟು ಪೆಟ್ರೋಲು ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೪.೭ ಪಾಲು ಗಾಳಿ ಎಂಬುದು ಪೂರ್ಣ ದಹನದ ಲೆಕ್ಕ. ಹಿಂದಿನ ಕಾರ್ಬುರೇಟರಿನ ಕಾಲದಲ್ಲಿ ಈ ಹದವನ್ನು ಮೇಸ್ತ್ರಿಯು ಒಂದು ತಿರುಪಿನಿಂದ, ತನ್ನ ಕಿವಿಯ ಬಲದಿಂದ ಕೂಡಿಸುತ್ತಿದ್ದನು. ಜರ್ಮನಿಯ ಬಾಷ್ ಕಂಪನಿಯು ೧೯೬೭ರಲ್ಲಿ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಏರ್ಪಾಡನ್ನು ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ತಂದ ಮೇಲೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಪದ್ಧತಿಯು ಕ್ರಮವಾಗಿ ಹರಡಿತು. ನಮ್ಮ ದೇಶದಲ್ಲಿ ೨೦೦೦ನೆಯ ಇಸವಿಯ ಏಪ್ರಿಲಿನಿಂದ ಹೊಗೆಯ ನಿಯಮಗಳು ಬಿಗಿಯಾದ ತರುವಾಯ ಹೊಸ ಕಾರುಗಳಿಂದ ಕಾರ್ಬುರೇಟರು ಮೆಲ್ಲಮೆಲ್ಲನೆ ಮರೆಯಾಯಿತು. ತಿರುಪೂ ಹೋಯಿತು; ಅದರೊಂದಿಗೆ ಕಿವಿಯ ವಿದ್ಯೆಯೂ ಬಹುಮಟ್ಟಿಗೆ ಹೋಯಿತು.

ಈಗ ಹದ ಕೂಡಿಸುವುದು ಒಂದು ಸಣ್ಣ ಕಂಪ್ಯೂಟರು. ಅದು ಮುಚ್ಚಿದ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ಎಂಜಿನ್ನನ್ನು ತಾನಾಗಿ ಕಾಣಲಾರದು. ಅರಸರು ಚಾರರನ್ನೇ ಕಣ್ಣಾಗಿ ಉಳ್ಳವರೆಂದು ನಮ್ಮ ನೀತಿಶಾಸ್ತ್ರ ಹೇಳುತ್ತದಲ್ಲವೆ? ಈ ಅರಸನಿಗೂ ಹಾಗೆಯೇ ಚಾರರಿದ್ದಾರೆ. ಅವರ ಹೆಸರು ಸೆನ್ಸರುಗಳು. ಒಬ್ಬನು ಒಳಬರುವ ಗಾಳಿಯನ್ನು ಅಳೆಯುತ್ತಾನೆ: ಕಾಯಿಸಿದ ತಂತಿಯೊಂದನ್ನು ಗಾಳಿ ತಣಿಸುತ್ತದೆ, ಅದನ್ನು ಮತ್ತೆ ಅದೇ ಬಿಸಿಯಲ್ಲಿ ನಿಲ್ಲಿಸಲು ಎಷ್ಟು ವಿದ್ಯುತ್ತು ಬೇಕಾಯಿತೋ ಅದರಿಂದ ಗಾಳಿಯ ತೂಕ ತಿಳಿಯುತ್ತದೆ. ಮತ್ತೊಬ್ಬನು ತಂಪುನೀರಿನ ಬಿಸಿಯನ್ನು ವರದಿ ಮಾಡುತ್ತಾನೆ. ಇನ್ನೊಬ್ಬನು ಹೊಗೆಯ ಕೊಳವೆಯಲ್ಲಿ ಕುಳಿತು, ದಹನವಾದ ಬಳಿಕ ಆಮ್ಲಜನಕ ಎಷ್ಟು ಉಳಿಯಿತೆಂಬುದನ್ನು ಸಾರುತ್ತಾನೆ. ೧೯೭೬ರಲ್ಲಿ ಸ್ವೀಡನ್ನಿನ ವೋಲ್ವೋ ಕಾರಿನಲ್ಲಿ ಮೊದಲು ಕಾಣಿಸಿಕೊಂಡವನು ಇವನು. ಇವರ ಮಾತುಗಳನ್ನು ಕೇಳಿ ಕಂಪ್ಯೂಟರು ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಮೆ ಮಾಡುತ್ತದೆ. ಏನೋ ಸರಿಯಿಲ್ಲವೆಂದು ಅದಕ್ಕೆ ತೋರಿದಾಗ ಚಾಲಕನ ಮುಂದೆ ಹಳದಿಯ ದೀಪವೊಂದನ್ನು ಹೊತ್ತಿಸುತ್ತದೆ.

ಇನ್ನು ಪ್ರಕೃತಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಹನ್ನೆರಡು ವರ್ಷಗಳಿಂದ ಇರುವ ಕಾರೊಂದುಂಟು. ಅದನ್ನು ಕಳೆದ ಮಳೆಗಾಲದ ಮುಂಚೆ ಪದ್ಧತಿಯಂತೆ ಊರಿನ ಒಂದು ಕಾರ್ಖಾನೆಗೆ ಕಳುಹಿಸಿದೆನು. ಅಲ್ಲಿ ಕೆಲಸ ಕಲಿಯುತ್ತಿದ್ದ, ಇಪ್ಪತ್ತು ತುಂಬಿರದ ಹುಡುಗನೊಬ್ಬನು ಥ್ರಾಟಲಿನ ಸುತ್ತ ಕಟ್ಟಿದ್ದ ಕರಿಯನ್ನು ತೊಳೆದು ಒರೆಸಿ ಗಾಡಿಯನ್ನು ಒಪ್ಪಿಸಿದನು. ಎರಡು ದಿನ ಕಳೆಯುವುದರೊಳಗೆ ತೊಂದರೆ ಮೊದಲಾಯಿತು. ಗಾಡಿ ಓಡುವಾಗ ಏನೂ ಇಲ್ಲ. ನಿಂತರೆ ಸಾಕು, ಎಂಜಿನ್ನು ಚಳಿಜ್ವರ ಬಂದವರಂತೆ ನಡುಗುವುದು. ಸುತ್ತಿನ ಮುಳ್ಳು ಐನೂರಕ್ಕೆ ಇಳಿಯುವುದು, ಸಾವಿರಕ್ಕೆ ಹಾರುವುದು, ಮತ್ತೆ ಇಳಿಯುವುದು. ಒಂದು ಸಂಜೆ ನಾಲ್ಕು ದಾರಿ ಕೂಡುವಲ್ಲಿ ಅದು ಉಸಿರೇ ನಿಲ್ಲಿಸಿತು. ಹಿಂದಿನ ಗಾಡಿಗಳವರೆಲ್ಲ ಒಟ್ಟಾಗಿ ಕೊಂಬೂದಿದರು. ಹಳದಿಯ ದೀಪವೂ ಹೊತ್ತಿತು.

ನಾನು ನೆಟ್ಟಗೆ ಕಾರ್ಖಾನೆಗೆ ಹೋದೆನು. ಅಲ್ಲಿ ನಾಲ್ಕಾರು ಜನ ಗಿರಾಕಿಗಳು ಕುಳಿತಿದ್ದರು. ಅವರೆಲ್ಲರ ಮುಂದೆ, ಯಜಮಾನನಿಗೆ ಕೇಳುವಂತೆ, “ನಿಮ್ಮ ಹುಡುಗ ಗಾಡಿಯನ್ನು ಕೆಡಿಸಿದ್ದಾನೆ. ಅವನ ಕೈಗೆ ಹೋಗುವವರೆಗೂ ಅದಕ್ಕೆ ಇಂಥದೊಂದು ರೋಗ ಒಮ್ಮೆಯೂ ಇರಲಿಲ್ಲ” ಎಂದೆನು. ಯಜಮಾನನು ಹುಡುಗನನ್ನು ಕರೆದನು. ಅವನು ಕೈಯ ಜಿಡ್ಡನ್ನು ಒರೆಸಿಕೊಳ್ಳುತ್ತ ಬಂದು, “ಒರೆಸಿದ್ದು ಬಿಟ್ಟರೆ ನಾನು ಬೇರೆ ಏನನ್ನೂ ಮುಟ್ಟಲಿಲ್ಲ” ಎಂದಷ್ಟೇ ಹೇಳಿ ತಲೆ ತಗ್ಗಿಸಿದನು. ಆ ತಲೆ ತಗ್ಗಿಸಿದ್ದನ್ನು ನಾನು ತಪ್ಪೊಪ್ಪಿಗೆಯೆಂದು ಓದಿಕೊಂಡೆನು. ಹಿರಿಯರ ಮುಂದೆ, ಅನ್ನ ಕೊಡುವವನ ಮುಂದೆ, ಬಡವರ ಮನೆಯ ಹುಡುಗನು ತಲೆ ತಗ್ಗಿಸದೆ ಮತ್ತೇನು ಮಾಡಿಯಾನು ಎಂಬುದು ಆಗ ಹೊಳೆಯಲಿಲ್ಲ. ಯಜಮಾನನು ಅವನ ಒಂದು ವಾರದ ಕೂಲಿಯನ್ನು ಹಿಡಿದನೆಂದೂ ಹುಡುಗನು ಕೆಲಸ ಬಿಟ್ಟು ಹೋದನೆಂದೂ ಕೆಲವು ದಿನಗಳ ಮೇಲೆ ಕೇಳಿದೆನು. ಕೇಳಿದಾಗ ನನಗೆ ಆದುದು, ನಿಜವನ್ನೇ ಹೇಳುವುದಾದರೆ, ಮರುಕವಲ್ಲ. ನ್ಯಾಯ ನಡೆಯಿತೆಂಬ ತೃಪ್ತಿ.

ನ್ಯಾಯವು ನಡೆಯಿತು, ಗಾಡಿಯ ನಡುಕ ಮಾತ್ರ ನಿಲ್ಲಲಿಲ್ಲ. ಕಾರ್ಖಾನೆಯವರು ಕಂಪ್ಯೂಟರಿನ ಮಾತನ್ನು ಓದುವ ಸಲಕರಣೆಯನ್ನು ಹಚ್ಚಿ ನೋಡಿದರು. ಗಾಳಿ ಹೆಚ್ಚು, ಪೆಟ್ರೋಲು ಕಡಮೆ ಎಂದು ಅದು ಹೇಳಿತು. ಹಾಗೆ ವರದಿ ಕೊಟ್ಟವನು ಹೊಗೆಯ ಕೊಳವೆಯ ಆಮ್ಲಜನಕದ ಸೆನ್ಸರು. ಆದುದರಿಂದ ಅವನೇ ಕೆಟ್ಟಿರಬೇಕೆಂದು ನಿರ್ಣಯಿಸಿ ಅವನನ್ನು ಕಿತ್ತು ಹೊಸಬನನ್ನು ಕೂರಿಸಿದರು. ದೀಪವನ್ನು ಅಳಿಸಿದರು. ಎರಡು ದಿನ ದೀಪ ಹೊತ್ತಲಿಲ್ಲ; ಮೂರನೆಯ ದಿನ ಮತ್ತೆ ಹೊತ್ತಿತು. ಹೊಸ ಚಾರನೂ ಹಳಬನ ಮಾತನ್ನೇ ಆಡುತ್ತಿದ್ದನು! ತರುವಾಯ ವಿರಾಮಗತಿಯ ಗಾಳಿಯನ್ನು ಆಳುವ ಕವಾಟವನ್ನು ಬದಲಾಯಿಸಿದರು. ಅದಾದ ಮೇಲೆ ಕಿಡಿ ಕೊಡುವ ಪ್ಲಗ್ಗುಗಳನ್ನು. ಪ್ರತಿಯೊಂದು ಸಲವೂ ದೀಪವನ್ನು ಅಳಿಸುವುದು, ಗುಣವಾಯಿತೆಂದು ಹಿಗ್ಗುವುದು, ಮರಳಿ ಕಾರ್ಖಾನೆಗೆ ಹೋಗುವುದು. ಸಾವಿರಾರು ರೂಪಾಯಿ ಕರಗಿತು. ದೂತನನ್ನು ಕೊಲ್ಲಬಾರದೆಂದು ವಿಭೀಷಣನು ಹೇಳಿದ್ದು ಲಂಕೆಯ ಸಭೆಗೆ ಮಾತ್ರವಲ್ಲ. ಕೇಡಿನ ಸುದ್ದಿಯನ್ನು ತಂದವನೇ ಕೇಡನ್ನು ಮಾಡಿದವನೆಂದು ತಿಳಿಯುವುದು ರಾವಣನ ಕಾಲದಿಂದ ಇಂದಿನವರೆಗೂ ಮನುಷ್ಯನಿಗೆ ಸುಲಭವಾಗಿ ಬರುವ ತಪ್ಪು.

ಕಡೆಗೆ ಸ್ನೇಹಿತರೊಬ್ಬರ ಮಾತಿನಂತೆ ಪಕ್ಕದ ತಾಲ್ಲೂಕಿನಲ್ಲಿರುವ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಗಾಡಿಯನ್ನು ಒಯ್ದೆನು. ಅವರು ಕಾಲು ಗಂಟೆಯವರೆಗೂ ಮುಚ್ಚಳವನ್ನು ತೆರೆಯಲೇ ಇಲ್ಲ. ನೆರಳಿನಲ್ಲಿ ಕುಳಿತು ಪ್ರಶ್ನೆಗಳನ್ನು ಕೇಳಿದರು. ನಡುಕ ಬೆಳಗಿನ ಚಳಿಯಲ್ಲೋ, ಬಿಸಿಯಾದ ಮೇಲೆಯೋ? ನಿಂತಾಗ ಮಾತ್ರವೋ, ಏರಿನಲ್ಲಿಯೂ ಉಂಟೋ? ತಂಪಿನ ಯಂತ್ರ ಹಾಕಿದರೆ ಹೆಚ್ಚೋ ಕಡಮೆಯೋ? ಕಟ್ಟಕಡೆಯಲ್ಲಿ, “ಇದಕ್ಕೆ ಮುಂಚೆ ಒಮ್ಮೆಯೂ ಇರಲಿಲ್ಲವೆ? ನೆನೆಸಿಕೊಂಡು ಹೇಳಿ” ಎಂದರು. “ಒಮ್ಮೆಯೂ ಇಲ್ಲ” ಎಂದು ನಾನು ನೆನೆಸಿಕೊಳ್ಳದೆಯೇ ಹೇಳಿದೆನು.

ಆಮೇಲೆ ಅವರೂ ಆ ಓದುವ ಸಲಕರಣೆಯನ್ನೇ ಹಚ್ಚಿದರು. ಆದರೆ ಓದಿದುದು ಬೇರೆ. ಸೆನ್ಸರುಗಳ ಮಾತನ್ನು ನಂಬಿ ಕಂಪ್ಯೂಟರು ತನ್ನ ಮೂಲದ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಪೆಟ್ರೋಲನ್ನು ಕೊಡುತ್ತಿದೆಯೆಂಬ ಅಂಕೆಯೊಂದು ಅದರಲ್ಲಿ ಉಂಟಂತೆ. ವಿರಾಮಗತಿಯಲ್ಲಿ ಅದು ನೂರಕ್ಕೆ ೨೨ ಹೆಚ್ಚೆಂದು ತೋರಿಸುತ್ತಿತ್ತು. ಅವರು ಎಂಜಿನ್ನನ್ನು ನಿಮಿಷಕ್ಕೆ ೨೫೦೦ ಸುತ್ತಿಗೆ ಏರಿಸಿ ಹಾಗೆಯೇ ಹಿಡಿದರು. ಅಂಕೆ ಮೆಲ್ಲನೆ ೫ಕ್ಕೆ ಇಳಿಯಿತು. ಅವರ ಮುಖದಲ್ಲಿ ಆಗ ಒಂದು ಬೆಳಕು ಕಂಡಿತು. ವಿವರಣೆ ಹೀಗೆ: ಪೆಟ್ರೋಲೇ ಸಾಲದೆ ಬರುತ್ತಿದ್ದರೆ ವೇಗ ಹೆಚ್ಚಿದಂತೆ ಕೊರತೆಯೂ ಹೆಚ್ಚಬೇಕು. ಇಲ್ಲಿ ವೇಗ ಹೆಚ್ಚಿದಂತೆ ಕೊರತೆ ಕಡಮೆಯಾಗುತ್ತಿದೆ. ಎಂದರೆ, ಅಳೆಯುವ ತಂತಿಯ ಕಣ್ಣಿಗೆ ಬೀಳದೆ ಎಲ್ಲಿಂದಲೋ ಕಳ್ಳಗಾಳಿ ಒಳನುಸುಳುತ್ತಿದೆ. ಎಂಜಿನ್ನು ವಿರಾಮದಲ್ಲಿರುವಾಗ ಒಟ್ಟು ಗಾಳಿ ಸೆಕೆಂಡಿಗೆ ಕೆಲವೇ ಗ್ರಾಂ. ಆಗ ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ. ವೇಗದಲ್ಲಿ ಗಾಳಿಯ ಹೊಳೆಯೇ ಹರಿಯುವುದರಿಂದ ಅದೇ ಸೋರಿಕೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಎಂಜಿನ್ನನ್ನು ನಿಲ್ಲಿಸಿ ಒಳದಾರಿಗೆ ಸಣ್ಣ ಯಂತ್ರದಿಂದ ಹೊಗೆಯನ್ನು ಊದಿದರು. ಸ್ವಲ್ಪ ಹೊತ್ತಿಗೆ ಒಂದು ಬೆರಳು ದಪ್ಪದ ರಬ್ಬರು ನಾಳದ ಅಡಿಯಿಂದ ಊದುಬತ್ತಿಯ ಎಳೆಯಂತೆ ಹೊಗೆ ಎದ್ದಿತು. ಎಂಜಿನ್ನಿನ ಒಡಲಿನಲ್ಲಿ ಕಟ್ಟುವ ಆವಿಯನ್ನು ಮರಳಿ ಒಳದಾರಿಗೆ ಸೇರಿಸುವ ನಾಳ ಅದು. ಅದು ಬಾಗುವಲ್ಲಿ, ಕಣ್ಣಿಗೆ ಕಾಣದ ಕೆಳಮೈಯಲ್ಲಿ, ಉಗುರುದ್ದದ ಬಿರುಕು. ಎಂಜಿನ್ನನ್ನು ಮತ್ತೆ ಹಚ್ಚಿ, ಅದು ನಡುಗುತ್ತಿರುವಾಗಲೇ ಮೇಸ್ತ್ರಿಗಳು ಆ ಬಿರುಕನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು. ನಡುಕ ನಿಂತಿತು. ಬೆರಳನ್ನು ತೆಗೆದರು, ನಡುಕ ಬಂದಿತು. ಮೂರು ಸಲ ಹೀಗೆ ಮಾಡಿ ತೋರಿಸಿ, “ಈಗ ಹೇಳಬಹುದು” ಎಂದರು.

ಅನ್ವಯ ವ್ಯತಿರೇಕ ಎಂಬ ಮಾತುಗಳನ್ನು ನಾನು ವಿದ್ಯಾರ್ಥಿದೆಶೆಯಲ್ಲಿ ಬಾಯಿಪಾಠ ಮಾಡಿದ್ದೆನು. ಇದು ಇದ್ದರೆ ಅದು ಇದೆ, ಇದು ಇಲ್ಲದಿದ್ದರೆ ಅದಿಲ್ಲ ಎಂದು ಎರಡು ಕಡೆಯಿಂದಲೂ ತೋರಿಸಿದ ಹೊರತು ಕಾರಣವೆಂಬ ಹೆಸರನ್ನು ಕೊಡಲಾಗದು ಎಂಬುದು ಅವುಗಳ ತಾತ್ಪರ್ಯ. ಇಂಗ್ಲೆಂಡಿನ ಜಾನ್ ಸ್ಟುಅರ್ಟ್ ಮಿಲ್ ೧೮೪೩ರ ತನ್ನ ತರ್ಕಗ್ರಂಥದಲ್ಲಿ ಹೇಳಿದ ಸಾಮ್ಯ ಭೇದಗಳ ವಿಧಾನವೂ ಬಹುಮಟ್ಟಿಗೆ ಇದೇ. ನಮ್ಮ ವೈದ್ಯಶಾಸ್ತ್ರವು ರೋಗವನ್ನು ತಿಳಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳಿದೆಯಷ್ಟೆ. ಉಪಶಯವೆಂದರೆ ಯಾವುದನ್ನು ಕೊಟ್ಟರೆ ಶಮನವಾಗುತ್ತದೆಂದು ನೋಡಿ ರೋಗದ ಮೂಲವನ್ನು ಊಹಿಸುವುದು. ಮೇಸ್ತ್ರಿಗಳ ಆ ಎರಡು ಬೆರಳು ಉಪಶಯವೂ ಆಯಿತು, ವ್ಯತಿರೇಕವೂ ಆಯಿತು. ಮೊದಲಿನ ಕಾರ್ಖಾನೆಯಲ್ಲಿ ನಡೆದುದಾದರೋ ಚಿಕಿತ್ಸೆಯೇ ಹೊರತು ನಿದಾನವಲ್ಲ. ರೋಗದ ಮೂಲವೇನೆಂದು ಯಾರೂ ಕೇಳಿರಲಿಲ್ಲ. ಒಂದೊಂದಾಗಿ ಅಂಗಗಳನ್ನು ಬದಲಾಯಿಸುತ್ತ ಹೋದರು.

ಅಷ್ಟಕ್ಕೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮೇಸ್ತ್ರಿಗಳು ಆ ನಾಳವನ್ನು ಕಳಚಿ ನನ್ನ ಕೈಗೆ ಕೊಟ್ಟು, “ಇದು ನಿನ್ನೆ ಮೊನ್ನೆ ಬಿರಿದದ್ದಲ್ಲ” ಎಂದರು. ಬಿರುಕಿನ ಅಂಚು ಬೆಂದು ಕಲ್ಲಿನಂತಾಗಿತ್ತು. ಎಣ್ಣೆಯೂ ಧೂಳೂ ಬೆರೆತು ಅದರೊಳಗೆ ಪದರ ಪದರವಾಗಿ ಹೆಪ್ಪುಗಟ್ಟಿತ್ತು. ಯಾರ ಕೈಯೂ ಮಾಡಿದುದಲ್ಲ. ಹನ್ನೆರಡು ವರ್ಷದ ಕಾವು ಮಾಡಿದುದು. ಬಿರುಕು ಸಣ್ಣದಾಗಿದ್ದಾಗ ಕಂಪ್ಯೂಟರು ತಾನಾಗಿಯೇ ಪೆಟ್ರೋಲನ್ನು ಹೆಚ್ಚಿಸಿ ಕೊರತೆಯನ್ನು ಮುಚ್ಚುತ್ತ ಬಂದಿತ್ತು. ಅದಕ್ಕೆ ಹಾಗೆ ಮುಚ್ಚುವುದಕ್ಕೆ ಒಂದು ಮೇರೆಯುಂಟು. ಬಹು ಕಾರುಗಳಲ್ಲಿ ಅದು ನೂರಕ್ಕೆ ಇಪ್ಪತ್ತು ಇಪ್ಪತ್ತೈದರ ಸುಮಾರು. ಆ ಮೇರೆಯ ಹತ್ತಿರಕ್ಕೆ ಬಂದಾಗ ದೀಪ ಹೊತ್ತುತ್ತದೆ. ದೀಪ ಹೊತ್ತಿದ ದಿನ ದೋಷ ಹುಟ್ಟಿದ ದಿನವಲ್ಲ. ಸಹನೆ ಮುಗಿದ ದಿನ. ಹುಡುಗನು ಕರಿಯನ್ನು ತೊಳೆದುದರಿಂದ ಥ್ರಾಟಲಿನ ಸಂದಿನಲ್ಲಿ ಗಾಳಿ ತುಸು ಸರಾಗವಾಯಿತು. ಕರಿ ಇದ್ದಾಗಿನ ಹದವನ್ನು ಕಲಿತಿದ್ದ ಕಂಪ್ಯೂಟರು ಹೊಸ ಹದವನ್ನು ಮತ್ತೆ ಕಲಿಯಬೇಕಾಗಿತ್ತು. ಮೊದಲೇ ಅಂಚಿನಲ್ಲಿ ನಿಂತಿದ್ದ ಯಂತ್ರವು ಆ ಅಲ್ಪ ಬದಲಾವಣೆಗೆ ತಡೆಯಲಾರದೆ ಹೋಯಿತು. ಹುಡುಗನು ಮಾಡಿದುದು ಇಷ್ಟು: ಮುಚ್ಚಿಕೊಂಡಿದ್ದುದನ್ನು ತನಗೆ ತಿಳಿಯದೆಯೇ ಬಯಲಿಗೆ ತಂದನು.

ಹಿಂತಿರುಗಿ ಬರುವಾಗ ದಾರಿಯಲ್ಲಿ ಮೇಸ್ತ್ರಿಗಳ ಕಡೆಯ ಪ್ರಶ್ನೆಗೆ ನಿಜವಾದ ಉತ್ತರ ನೆನಪಿಗೆ ಬಂತು. ಹಿಂದಿನ ಧನುರ್ಮಾಸದ ಬೆಳಗುಗಳಲ್ಲಿ ಗಾಡಿಯನ್ನು ಹಚ್ಚಿದೊಡನೆ ಅದು ನಡುಗುತ್ತಿದ್ದುದುಂಟು, ಚಳಿಯೆಂದು ಸುಮ್ಮನಿದ್ದೆನು. ಒಮ್ಮೆ ರೈಲ್ವೆ ಗೇಟಿನ ಮುಂದೆ ನಿಂತುಹೋದುದೂ ಉಂಟು. ಪೆಟ್ರೋಲಿನಲ್ಲಿ ಕಸವಿರಬೇಕೆಂದು ಹೆಂಡತಿಗೆ ಹೇಳಿದ್ದೆನು. “ಒಮ್ಮೆಯೂ ಇರಲಿಲ್ಲ” ಎಂದು ನಾಲ್ಕು ಜನರ ಮುಂದೆ ಸಾಕ್ಷಿ ನುಡಿದ ನಾನು ಸುಳ್ಳು ಸಾಕ್ಷಿಯಾಗಿದ್ದೆನು. ಬೇಕೆಂದು ಆಡಿದ ಸುಳ್ಳಲ್ಲ, ನಿಜ. ಆದರೆ ದೋಷಿಯನ್ನು ಮನಸ್ಸು ಗೊತ್ತುಮಾಡಿದ ಮೇಲೆ ಅವನಿಗೆ ಅನುಕೂಲವಾದುದನ್ನು ನೆನಪು ತಾನಾಗಿಯೇ ಮರೆಸಿಬಿಡುತ್ತದೆ. ಇದು ಸುಳ್ಳಿಗಿಂತ ಹೆಚ್ಚು ಅಪಾಯಕರ. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳೆಂದಾದರೂ ತಿಳಿದಿರುತ್ತದೆ.

ಹದಿನೇಳನೆಯ ಶತಮಾನದ ವಿಶ್ವನಾಥನು ತನ್ನ ಭಾಷಾಪರಿಚ್ಛೇದದಲ್ಲಿ ಕಾರಣವಲ್ಲದೆಯೂ ಕಾರಣದಂತೆ ತೋರುವ ಐದು ಬಗೆಗಳನ್ನು ಎಣಿಸಿದ್ದಾನೆ. ಅವಕ್ಕೆ ಅನ್ಯಥಾಸಿದ್ಧಗಳೆಂದು ಹೆಸರು. ಐದನೆಯದು ಕತ್ತೆ. ಒಂದು ಮಡಕೆ ಹುಟ್ಟುವುದಕ್ಕೆ ಮುಂಚೆ ಕುಂಬಾರನ ಕತ್ತೆ ಅಲ್ಲಿ ನಿಂತಿದ್ದಿರಬಹುದು. ಅಷ್ಟರಿಂದ ಕತ್ತೆ ಮಡಕೆಗೆ ಕಾರಣವಾಗದು. ಮುಂಚೆ ಇದ್ದುದೆಲ್ಲ ಕಾರಣವಲ್ಲ ಎಂಬ ಈ ಮಾತು ಎಷ್ಟು ಸರಳವೆಂದರೆ ಅದನ್ನು ಕಲಿಯುವಾಗ ನಾವು ಹುಡುಗರೆಲ್ಲ ನಕ್ಕಿದ್ದೆವು. ಅರುವತ್ತು ದಾಟಿದ ಮೇಲೆ, ನನ್ನ ಗಾಡಿಯ ಹತ್ತಿರ ಕಡೆಯದಾಗಿ ನಿಂತಿದ್ದವನು ಎಂಬ ಒಂದೇ ಕಾರಣದಿಂದ, ಒಬ್ಬ ಹುಡುಗನನ್ನು ನಾನು ಆ ಕತ್ತೆಯ ಸ್ಥಾನದಲ್ಲಿ ನಿಲ್ಲಿಸಿದೆನು.

ತರ್ಕವನ್ನು ಬಲ್ಲವರೂ ಹೀಗೇಕೆ ಎಡವುತ್ತಾರೆ? ನನಗೆ ತೋರುವುದು ಇಷ್ಟು. ಕಾವಿಗೆ ಕಿವಿಯಿಲ್ಲ, ರಬ್ಬರಿಗೆ ಮುಖವಿಲ್ಲ, ಹನ್ನೆರಡು ವರ್ಷಗಳನ್ನು ಎದುರಿಗೆ ನಿಲ್ಲಿಸಿ ಬಯ್ಯಲಾಗದು. ಕೋಪಕ್ಕೆ ಬೇಕಾದುದು ತಲೆ ತಗ್ಗಿಸಬಲ್ಲ ಒಂದು ಕಾರಣ. ಆದಕಾರಣ ಮುಂಚೆ ಇದ್ದ ಹತ್ತು ಸಂಗತಿಗಳಲ್ಲಿ ನಾವು ಆರಿಸಿಕೊಳ್ಳುವುದು ಅತ್ಯಂತ ಸಮರ್ಥವಾದುದನ್ನಲ್ಲ, ಅತ್ಯಂತ ದುರ್ಬಲವಾದುದನ್ನು. ನಾನು ಯಜಮಾನನನ್ನು ದೂರಲಿಲ್ಲ. ಹನ್ನೆರಡು ವರ್ಷ ಆ ನಾಳಗಳನ್ನು ಒಮ್ಮೆಯೂ ತೆಗೆದು ನೋಡಿಸದ ನನ್ನನ್ನಂತೂ ದೂರಲೇ ಇಲ್ಲ. ನಮ್ಮ ಮನೆಗಳಲ್ಲಿ ‘ಕಾಲ್ಗುಣ’ ಎಂಬ ಮಾತೊಂದುಂಟು. ಸೊಸೆ ಬಂದ ವರುಷ ಮಾವನು ತೀರಿಕೊಂಡರೆ, ಬೆಳೆ ಹೋದರೆ, ದನ ಸತ್ತರೆ, ಅದಕ್ಕೆಲ್ಲ ಆ ಹುಡುಗಿಯ ಕಾಲ್ಗುಣವೇ ಕಾರಣ. ಮಾವನಿಗೆ ಹತ್ತು ವರುಷದಿಂದ ಎದೆಯ ರೋಗವಿದ್ದುದು ಯಾರಿಗೂ ನೆನಪಾಗದು. ಹೊಸದಾಗಿ ಬಂದವಳು, ಎದುರು ಹೇಳದವಳು, ತವರು ದೂರವಿರುವವಳು. ಆ ಮನೆಗೆ ಬೇಕಾದ ಲಕ್ಷಣಗಳೆಲ್ಲ ಅವಳಲ್ಲಿ ಇರುತ್ತವೆ. ಕಾಲ್ಗುಣವೆಂಬ ಮಾತನ್ನು ಮೂಢನಂಬಿಕೆಯೆಂದು ಸಭೆಗಳಲ್ಲಿ ಖಂಡಿಸಿ ಮಾತನಾಡಿದವನು ನಾನು. ಕಾರ್ಖಾನೆಯಲ್ಲಿ ನಾನು ಆಡಿದ ಮಾತು ಮತ್ತೇನು? ಹುಡುಗನ ಕೈಗುಣ!

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಎಲ್ಲಕ್ಕೂ ಕಾವು, ಕಾಲ, ರಬ್ಬರು ಎಂದು ಹೇಳುತ್ತ ಹೋದರೆ ಲೋಕದಲ್ಲಿ ತಪ್ಪಿತಸ್ಥರೇ ಇಲ್ಲದೆ ಹೋಗುವರಲ್ಲ. ಸೋಮಾರಿಯೂ ಕಳ್ಳನೂ ಇದೇ ವಾದವನ್ನು ಹಿಡಿದು ಪಾರಾಗುವರಲ್ಲ ಎಂದು. ನಾನು ಹೇಳುವುದು ಹಾಗಲ್ಲ. ದೋಷಿಗಳು ಇದ್ದಾರೆ, ಅವರನ್ನು ಕಂಡುಹಿಡಿಯುವುದೂ ಅಗತ್ಯ. ಆದರೆ ದೋಷವನ್ನು ಕಂಡ ಮೇಲೆ ದೋಷಿಯನ್ನು ಹುಡುಕಿದರೆ ಅವನು ಸಿಕ್ಕುತ್ತಾನೆ. ದೋಷಿಯನ್ನು ಮೊದಲು ಗೊತ್ತುಮಾಡಿದರೆ ದೋಷವೂ ಸಿಕ್ಕದು, ನಿಜವಾದ ದೋಷಿಯೂ ಸಿಕ್ಕನು. ನನ್ನ ಗಾಡಿಯ ವಿಷಯದಲ್ಲಿಯೇ ನೋಡಿ: ಕ್ರಮವಾಗಿ ವಿಚಾರಿಸಿದಾಗ ಹೊಣೆಗಾರನೊಬ್ಬನು ಸಿಕ್ಕಿದನು. ಅವನು ನಾನೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಪೂರ್ಣ ನಿಶ್ಚಯವಾಗುವವರೆಗೂ ಕೈಕಟ್ಟಿ ಕುಳಿತರೆ ಸಂಸಾರ ನಡೆಯುವುದೆಂತು? ವೈದ್ಯನು ಅನೇಕ ವೇಳೆ ಊಹೆಯ ಮೇಲೆಯೇ ಔಷಧ ಕೊಡುತ್ತಾನೆ. ನ್ಯಾಯಾಧಿಪತಿಯೂ ಒಂದು ದಿನ ತೀರ್ಪು ಹೇಳಲೇಬೇಕು. ಇದು ನಿಜ. ಊಹೆಯಿಂದ ನಡೆಯುವುದು ಪಾಪವಲ್ಲ. ಆದರೆ ಮಾಡಿದ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂಬುದನ್ನು ಅಳೆದು ಊಹೆಗೆ ಅಷ್ಟಷ್ಟೇ ಅಧಿಕಾರವನ್ನು ಕೊಡಬೇಕು. ಊಹೆಯ ಮೇಲೆ ಪ್ಲಗ್ಗನ್ನು ಬದಲಾಯಿಸಿದರೆ ನಷ್ಟ ಕೆಲವು ನೂರು ರೂಪಾಯಿ. ತಪ್ಪಾದರೆ ಹಳೆಯದನ್ನೇ ಮತ್ತೆ ಕೂರಿಸಬಹುದು. ಊಹೆಯ ಮೇಲೆ ಒಬ್ಬನ ಹೆಸರನ್ನು ಕಳಚಿದರೆ ಅದನ್ನು ಮತ್ತೆ ಕೂರಿಸುವ ಕಾರ್ಖಾನೆಯಿಲ್ಲ. ಯಂತ್ರದ ವಿಷಯದಲ್ಲಿ ಒಂದು ಪ್ರಮಾಣ ಸಾಕಾದಲ್ಲಿ ಮನುಷ್ಯನ ವಿಷಯದಲ್ಲಿ ಹತ್ತು ಬೇಕು. ನಾವಾದರೋ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ. ಮೂರು ಬಿಡಿಭಾಗಗಳನ್ನು ಬದಲಾಯಿಸುವ ಮುನ್ನ ಸಲಕರಣೆ ಹಚ್ಚಿ ನೋಡಿದವರು ಹುಡುಗನನ್ನು ಬದಲಾಯಿಸುವ ಮುನ್ನ ಏನನ್ನೂ ಹಚ್ಚಿ ನೋಡಲಿಲ್ಲ. ನನ್ನ ಒಂದು ಮಾತೇ ಸಾಕಾಯಿತು.

ಇನ್ನೊಂದು ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಆ ಕಂಪ್ಯೂಟರು ವರ್ಷಗಟ್ಟಲೆ ಕೊರತೆಯನ್ನು ಸದ್ದಿಲ್ಲದೆ ತುಂಬುತ್ತ ಬಂದುದು ನೆನಪಾದಾಗಲೆಲ್ಲ ನನಗೆ ನಮ್ಮ ಮನೆಗಳ ಹೆಂಗಸರ ನೆನಪಾಗುತ್ತದೆ. ಆದಾಯ ಕುಗ್ಗಿದ್ದು, ನಂಟರು ಹೆಚ್ಚಿದ್ದು, ಕಾಯಿಲೆ ಬಂದದ್ದು ಯಾವುದೂ ಊಟದ ಎಲೆಯಲ್ಲಿ ಕಾಣದಂತೆ ಅವರು ಸರಿತೂಗಿಸುತ್ತ ಬರುತ್ತಾರೆ. ಒಂದು ದಿನ ಅವರ ಬಾಯಿಂದ ಒಂದು ಬಿರುಸು ಮಾತು ಬಂದರೆ “ಇಷ್ಟು ದಿನ ಇಲ್ಲದ್ದು ಈಗೇನಾಯಿತು?” ಎಂದು ಕೇಳುತ್ತೇವೆ. ಈಗ ಏನೂ ಆಗಿರುವುದಿಲ್ಲ. ದೀಪ ಹೊತ್ತಿತಷ್ಟೆ.

ಹೊಸ ನಾಳದ ಬೆಲೆ ಹೋಟಲಿನ ಒಂದು ಊಟದಷ್ಟು ಆಯಿತು. ಗಾಡಿ ಈಗ ನಿಂತಾಗಲೂ ಶಾಂತವಾಗಿದೆ. ಮಾರನೆಯ ದಿನವೇ ನಾನು ಮೊದಲಿನ ಕಾರ್ಖಾನೆಗೆ ಹೋಗಿ ಹಳೆಯ ನಾಳವನ್ನು ಯಜಮಾನನ ಮುಂದಿಟ್ಟು ನಡೆದುದನ್ನು ಹೇಳಿದೆನು. ಅಂದು ಕುಳಿತಿದ್ದ ಗಿರಾಕಿಗಳು ಇಂದು ಇರಲಿಲ್ಲ, ಬೇರೆಯವರಿದ್ದರು. ಯಜಮಾನನು ನಕ್ಕು, “ಹೋಗಲಿ ಬಿಡಿ, ಆ ಹುಡುಗ ಬೆಂಗಳೂರಿನ ಕಡೆ ಹೋದನಂತೆ” ಎಂದನು. ಹಿಡಿದ ಕೂಲಿಯನ್ನು ನಾನು ಕೊಡುತ್ತೇನೆಂದರೆ ತಲುಪಿಸುವವರಿಲ್ಲ; ಅವನ ದೂರವಾಣಿಯ ಸಂಖ್ಯೆ ಬದಲಾಗಿದೆ. ಆಪಾದನೆಯನ್ನು ನಾಲ್ಕು ಜನರ ಮುಂದೆ ಮಾಡಿದ ಮೇಲೆ ಅದರ ಹಿಂತೆಗೆತವೂ ನಾಲ್ಕು ಜನರ ಮುಂದೆ ಆಗತಕ್ಕುದು. ಆ ನಾಲ್ವರು ಯಾರೆಂದು ನನಗೆ ತಿಳಿಯದು. ಅವರಲ್ಲಿ ಯಾರಾದರೂ ಈ ಪತ್ರಿಕೆಯನ್ನು ಓದುವವರಿದ್ದರೆ, ಅಂದು ನಾನು ಆಡಿದ ಮಾತು ತಪ್ಪೆಂದು ಅವರು ತಿಳಿಯಬೇಕೆಂದು ಬೇಡುತ್ತೇನೆ. ಈ ಲೇಖನವನ್ನು ಬರೆಯುವುದಕ್ಕೆ ಅದೂ ಒಂದು ಕಾರಣ.

ಮನೆಯಲ್ಲಿ ಈಗಲೂ ಪಾತ್ರೆಗಳು ಬೀಳುತ್ತವೆ. “ಯಾರು?” ಎಂಬ ಮಾತು ನಾಲಗೆಯ ತುದಿಯವರೆಗೂ ಬರುತ್ತದೆ, ಅರುವತ್ತು ವರ್ಷದ ಅಭ್ಯಾಸ ಒಂದು ನಾಳ ಬದಲಾಯಿಸಿದಂತೆ ಬದಲಾಗುವುದಿಲ್ಲ. ಅಂತಹ ಹೊತ್ತಿನಲ್ಲಿ ಆ ವೃದ್ಧ ಮೇಸ್ತ್ರಿಗಳ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ: “ಇದಕ್ಕೆ ಮುಂಚೆ ಒಮ್ಮೆಯೂ ಇರಲಿಲ್ಲವೆ? ನೆನೆಸಿಕೊಂಡು ಹೇಳಿ.” ನೆನೆಸಿಕೊಳ್ಳುವಷ್ಟರಲ್ಲಿ ಬಹುಪಾಲು ಕೋಪ ಇಳಿದಿರುತ್ತದೆ, ಪಾತ್ರೆಯನ್ನಿಟ್ಟಿದ್ದ ಹಲಗೆ ಎಂದಿನಿಂದಲೋ ವಾಲಿರುವುದು ಕಣ್ಣಿಗೆ ಬೀಳುತ್ತದೆ.